ರುದ್ರಮ್ಮ ಹಾಕಿದ ಬೆಚ್ಚನೆಯ ನೆಲ

ಮೊಸಾಯಿಕ್ ಬಿಲ್ಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಹೊಸಕೆರೆಹಳ್ಳಿಯ ರುದ್ರಮ್ಮ ಬೆರಳ ಗೆಣ್ಣಿನಿಂದ ಕುಟ್ಟಿಯೇ ಹೇಳಿಬಿಡುತ್ತಿದ್ದಳು. ಅಡಿಯಲ್ಲಿ ಗಾರೆ ತುಂಬಿಕೊಂಡಿದ್ದರೆ ಒಂದು ಸದ್ದು, ಟೊಳ್ಳಾಗಿದ್ದರೆ ಬೇರೆಯೇ ಸದ್ದು. ಮದುವೆಯಾಗಿ ಬಂದ ವರ್ಷದಿಂದಲೂ ಅವಳು ಗಂಡ ಪಿಳ್ಳಪ್ಪನ ಹಿಂದೆ ಕೆಲಸಕ್ಕೆ ಹೋಗುತ್ತಿದ್ದವಳು. ಅವನು ನೆಲಕ್ಕೆ ಬಿಲ್ಲೆ ಹಾಕುವ ಮೇಸ್ತ್ರಿ. ಅವಳು ಮರಳು ಜರಡಿ ಹಿಡಿದು, ಗಾರೆ ಕಲಸಿ, ಬಿಲ್ಲೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಒಂದೊಂದನ್ನೇ ಒರೆಸಿ ಅವನ ಕೈಗೆ ಕೊಡುವ ಆಳು. ಅವನು ಕೂರಿಸಿ ಮುಂದೆ ಸರಿದ ಮೇಲೆ ಅವಳು ಹಿಂದಿನಿಂದ ಕುಟ್ಟಿ ನೋಡಿ “ಇದು ಎತ್ತು” ಎನ್ನುತ್ತಿದ್ದಳು. ಅವನು ಗೊಣಗಿಕೊಂಡೇ ಎತ್ತುತ್ತಿದ್ದ. ಎತ್ತಿದಾಗಲೆಲ್ಲ ಅಡಿಯಲ್ಲಿ ಗುಳಿ ಇರುತ್ತಿತ್ತು.

ಜಯನಗರ ತುಂಬಿ, ಸೈಟುಗಳು ಬನಶಂಕರಿಯನ್ನೂ ದಾಟಿ ಹರಡುತ್ತಿದ್ದ ಕಾಲ ಅದು. ಹಳೆಯ ಕೆಂಪು ಗಾರೆಯ ನೆಲ ಯಾರಿಗೂ ಬೇಡವಾಗಿತ್ತು. ಮನೆ ಕಟ್ಟಿಸುವವರೆಲ್ಲ ಮೊಸಾಯಿಕ್ ಎನ್ನುತ್ತಿದ್ದರು. ಬೆಳಿಗ್ಗೆ ಬನಶಂಕರಿ ಗುಡಿಯ ಕಡೆಯ ರಸ್ತೆಯ ಅಡ್ಡೆಯಲ್ಲಿ ಕೂಲಿಯವರು ಸೇರುತ್ತಿದ್ದರು. ಗಂಡಸರ ಚೀಲದಲ್ಲಿ ಕರಣೆ, ಹೆಂಗಸರ ಕಂಕುಳಲ್ಲಿ ಬಾಣಲಿ. ಬಾಣಲಿಯವರು ಗಾರೆ ಹೊರುವವರು, ಕರಣೆಯವರು ಗಾರೆ ಹಾಕುವವರು. ಈ ಕಟ್ಟಳೆಯನ್ನು ಯಾರೂ ಎಲ್ಲೂ ಹೇಳಿರಲಿಲ್ಲ. ಯಾರೂ ಮೀರಿಯೂ ಇರಲಿಲ್ಲ.

ಮೀರುವಂತೆ ಮಾಡಿದ್ದು ಪಿಳ್ಳಪ್ಪನ ಮಂಡಿ. ಬಿಲ್ಲೆ ಹಾಕುವವನು ದಿನವಿಡೀ ಹಸಿ ಗಾರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೇ ಇರಬೇಕು, ಕೂತಂತೆಯೇ ಹಿಂದಕ್ಕೆ ಸರಿಯಬೇಕು. ವರ್ಷಗಟ್ಟಲೆ ಹಾಗೆ ಸರಿದು ಸರಿದು ಅವನ ಮಂಡಿ ಮಡಚುವುದನ್ನೇ ಬಿಟ್ಟಿತು. ಮೊದಮೊದಲು ಮನೆಯವರು ಕಾಣದ ಹೊತ್ತಿನಲ್ಲಿ ರುದ್ರಮ್ಮ ಕೂತು ಒಂದು ಸಾಲು ಹಾಕುತ್ತಿದ್ದಳು. ಯಾರಾದರೂ ಬಂದ ಸಪ್ಪಳವಾದರೆ ಕರಣೆ ಅವನ ಕೈಗೆ ಹೋಗುತ್ತಿತ್ತು. ಆಮೇಲೆ ಸಾಲು ಹೋಗಿ ಅರ್ಧ ಕೋಣೆಯಾಯಿತು. ಪಿಳ್ಳಪ್ಪ ಗೋಡೆಗೊರಗಿ ನಿಂತು ನೂಲು ಹಿಡಿದು ನೋಡುತ್ತಿದ್ದ, ಅವಳು ಹಾಕುತ್ತಿದ್ದಳು. ಆದರೂ ಆ ನೆಲಗಳೆಲ್ಲ ಪಿಳ್ಳಪ್ಪ ಹಾಕಿದ ನೆಲಗಳೇ. ಒಂದು ಇಡೀ ನೆಲವನ್ನು ಮೊದಲ ಬಿಲ್ಲೆಯಿಂದ ಕೊನೆಯ ಬಿಲ್ಲೆಯವರೆಗೆ ಹಾಕಿ ‘ಇದು ನನ್ನದು’ ಎನ್ನಬೇಕೆಂಬ ಆಸೆ ರುದ್ರಮ್ಮನಿಗೆ ಒಳಗೊಳಗೇ ಬೆಳೆಯುತ್ತಿತ್ತು. ಗಂಡನ ಮಂಡಿ ಇನ್ನು ಸರಿಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಅದು ಬರೀ ಆಸೆಯಾಗಿ ಉಳಿಯಲಿಲ್ಲ. ಅವಳನ್ನು ಮೇಸ್ತ್ರಿಯೆಂದು ಜನ ಒಪ್ಪದಿದ್ದರೆ ಇಬ್ಬರೂ ಬಾಣಲಿ ಹೊತ್ತೇ ಬದುಕಬೇಕಾಗಿತ್ತು.

ಅಂಥ ಹೊತ್ತಿನಲ್ಲಿ ತ್ಯಾಗರಾಜನಗರದ ಚಕ್ರಪಾಣಿಯವರು ಹೇಳಿ ಕಳಿಸಿದರು. ಅವರು ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅವರ ಮನೆಯ ಹಜಾರದ ನೆಲವನ್ನು ಹಿಂದೆ ಪಿಳ್ಳಪ್ಪನೇ ಹಾಕಿದ್ದ. ಈಗ ಕೆಲಸವಿದ್ದದ್ದು ಅಡುಗೆಮನೆಯಲ್ಲಿ.

ಅವರ ಹೆಂಡತಿ ಸೀತಾಲಕ್ಷ್ಮಿಯವರಿಗೆ ಪಾದದ ನೋವು. ಧನುರ್ಮಾಸ ಬಂತೆಂದರೆ ಮೊಸಾಯಿಕ್ ನೆಲ ಮಂಜುಗಡ್ಡೆಯಂತಾಗಿ, ಅವರು ಅದರ ಮೇಲೆ ಕಾಲೂರಲಾರದೆ ಗೋಡೆ ಹಿಡಿದು ನಡೆಯುತ್ತಿದ್ದರು. ಡಾಕ್ಟರು ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿ ಎಂದಿದ್ದರು. ಹಜಾರದಲ್ಲಿ ಹಾಕಿಕೊಳ್ಳುತ್ತಿದ್ದರು. ಆದರೆ ಅಡುಗೆಮನೆಯ ಮೂಲೆಯಲ್ಲೇ ದೇವರ ಮಂಟಪವಿತ್ತು. ದೇವರಿರುವ ಕಡೆ, ಅನ್ನ ಬೇಯುವ ಕಡೆ ಚಪ್ಪಲಿ ಮೆಟ್ಟುವ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ದಿನದ ಬಹುಪಾಲು ಅವರು ಇರುತ್ತಿದ್ದದ್ದೂ ಅಲ್ಲಿಯೇ.

“ಇವಳು ಚಪ್ಪಲಿ ಹಾಕಲ್ಲ, ಚಳಿಗಾಲ ನಿಲ್ಲಲ್ಲ. ಇನ್ನು ನೆಲಕ್ಕೇ ಏನಾದ್ರೂ ಮಾಡ್ಬೇಕು” ಎಂದು ಚಕ್ರಪಾಣಿ ತಮ್ಮ ಯೋಜನೆ ಬಿಡಿಸಿ ಹೇಳಿದರು. ಅಡುಗೆಮನೆಯ ಗೋಡೆಯ ಆಚೆಗೆ ಬಚ್ಚಲು. ಅಲ್ಲಿ ಸ್ನಾನದ ನೀರು ಕಾಯುವ ಹಂಡೆಯ ಒಲೆ. ದಿನಾ ಬೆಳಿಗ್ಗೆ ಸೌದೆ, ತೆಂಗಿನ ಮಟ್ಟೆ ಉರಿದು ಬಿಸಿ ಹೊಗೆಯೆಲ್ಲ ಚಿಮಣಿಯಲ್ಲಿ ಸುಮ್ಮನೆ ಆಕಾಶಕ್ಕೆ ಹೋಗುತ್ತದೆ. ಅದನ್ನು ನೇರವಾಗಿ ಮೇಲಕ್ಕೆ ಬಿಡದೆ, ಅಡುಗೆಮನೆಯ ನೆಲದಡಿ ಇಟ್ಟಿಗೆಯ ಕಾಲುವೆಯಲ್ಲಿ ಹಾಯಿಸಿ, ಆಚೆ ಗೋಡೆಯ ಚಿಮಣಿಗೆ ಬಿಟ್ಟರೆ ಹೋಗುವ ದಾರಿಯಲ್ಲಿ ಅದು ನೆಲವನ್ನು ಬೆಚ್ಚಗೆ ಮಾಡಿ ಹೋಗುತ್ತದೆ.

ಪಿಳ್ಳಪ್ಪ ತಲೆ ಕೆರೆದುಕೊಂಡ. “ನೆಲದಾಗೆ ಒಲೆ ಇಟ್ಟಂಗಾಯ್ತಲ್ಲ ಸ್ವಾಮಿ.”

“ಒಲೆ ಅಲ್ಲಪ್ಪ, ಒಲೆಯ ಉಸಿರು.”

ಬಾಗಿಲಲ್ಲಿ ನಿಂತಿದ್ದ ಸೀತಾಲಕ್ಷ್ಮಿ ಹೇಳಿದರು: “ಉಸಿರೋ ಕೆಮ್ಮೋ, ದೇವರ ಮಂಟಪದ ಕೆಳಗೆ ಮಾತ್ರ ಬೇಡ. ಆ ಮೂಲೆ ಬಿಟ್ಟು ತಿರುಗಿಸಿ.”

“ಬಿಟ್ಟೇ ತಿರುಗಿಸೋಣ ಕಣೇ. ದೇವರಿಗೇನು ಕಾಲುನೋವಿಲ್ಲ.”

ಪಿಳ್ಳಪ್ಪ ತನ್ನ ಮಂಡಿಯ ವಿಷಯ ಮುಚ್ಚಿಡಲಿಲ್ಲ. “ಕೆಲಸ ಮಾಡೋಳು ಇವಳು ಸ್ವಾಮಿ, ನಾನು ನಿಂತು ನೋಡ್ಕೋತೀನಿ ಅಷ್ಟೇ” ಎಂದ. ಚಕ್ರಪಾಣಿ ಒಂದು ಗಳಿಗೆ ರುದ್ರಮ್ಮನನ್ನು ನೋಡಿದರು. “ಯಾರು ಕೂರಿಸಿದ್ರೇನು, ನೆಲ ಮಟ್ಟವಾಗಿದ್ರೆ ಸರಿ. ಆದ್ರೆ ಒಂದು ಮಾತಮ್ಮ. ಇದು ಬಿಸಿಯಾಗೋ ನೆಲ. ಬಿಸಿಯಾದ್ರೆ ಹಿಗ್ಗುತ್ತೆ. ಗೋಡೆಗೆ ಅಂಟಿಸಿ ಹಾಕ್ಬೇಡ. ಸುತ್ತ ಒಂದು ಬೆರಳು ಜಾಗ ಬಿಡು.”

“ಬಿಡ್ತೀನಿ ಸ್ವಾಮಿ” ಎಂದಳು ರುದ್ರಮ್ಮ. ಕಲ್ಲಿನಂಥ ಬಿಲ್ಲೆ ಹಿಗ್ಗುತ್ತದೆಂಬುದು ಅವಳ ಮನಸ್ಸಿಗೆ ಇಳಿದಿರಲಿಲ್ಲ. ಇಡೀ ನೆಲ ತನ್ನ ಕೈಗೆ ಬಂತೆಂಬುದೊಂದೇ ಇಳಿದಿತ್ತು.

ಅಡುಗೆ ಹಿತ್ತಿಲ ಜಗುಲಿಯ ಸೀಮೆಎಣ್ಣೆ ಸ್ಟೌವಿಗೆ ಹೋಯಿತು. ದೇವರು ಹಜಾರದ ಮಣೆಗೆ ಬಂದರು. ನೆಲ ಅಗೆದು ಇಟ್ಟಿಗೆಯ ಕಾಲುವೆ ಕಟ್ಟಿ, ಮೇಲೆ ಕಡಪ ಕಲ್ಲು ಹಾಸಿ, ಕಲ್ಲಿನ ಸಂದುಗಳಿಗೆ ಜೇಡಿಮಣ್ಣು ಮೆತ್ತಿದರು. ಚಕ್ರಪಾಣಿ ಒಲೆಗೆ ಒದ್ದೆ ಹುಲ್ಲು ತುರುಕಿ ಹೊಗೆ ಎಬ್ಬಿಸಿ, ಅಡುಗೆಮನೆಯಲ್ಲಿ ಮೂಗು ನೆಲಕ್ಕೆ ಹಚ್ಚಿ ತೆವಳಿದರು. ಎಲ್ಲೂ ಒಂದೆಳೆ ಹೊಗೆ ಬರಲಿಲ್ಲ. ಆಮೇಲೆ ರುದ್ರಮ್ಮ ನೂಲು ಕಟ್ಟಿ ಬಿಲ್ಲೆ ಹಾಕಲು ಕೂತಳು. ಸಾಲು ಓಡಿತು. ಬಿಲ್ಲೆಗೂ ಬಿಲ್ಲೆಗೂ ನಡುವೆ ಕೂದಲು ತೂರದ ಹಾಗೆ ಸೇರಿಸುವುದು ಪಿಳ್ಳಪ್ಪನ ಕೈಯ ಹೆಮ್ಮೆ. ಆ ಹೆಮ್ಮೆ ಅವಳ ಕೈಗೂ ಬಂದಿತ್ತು. ಗೋಡೆಯ ಹತ್ತಿರ ಮಾತ್ರ ಹೇಳಿದಂತೆ ಬೆರಳಗಲ ಬಿಟ್ಟಳು.

ಕೊನೆಯ ದಿನ ವೆಂಕಟಸ್ವಾಮಿ ಬಂದ. ಅವನೂ ಬಿಲ್ಲೆ ಹಾಕುವ ಮೇಸ್ತ್ರಿ, ಎದುರು ಸಾಲಿನ ಮನೆಯಲ್ಲಿ ಅವನ ಕೆಲಸ ನಡೆದಿತ್ತು. ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಹಿತ್ತಿಲಿನಿಂದ ಬಂದು ಅಡುಗೆಮನೆಯೊಳಗೆ ಇಣುಕಿದ.

“ಏನ್ ಪಿಳ್ಳಪ್ಪ, ಗೋಡೆಗೂ ನೆಲಕ್ಕೂ ಮಾತುಕತೆ ಇಲ್ವಾ? ಹಿಂಗೆ ದೂರ ಕೂತವೆ.”

“ನಾನಲ್ಲಪ್ಪ ಹಾಕಿದ್ದು, ಇವಳು.”

“ಹಂಗೇಳು. ಬಿಲ್ಲೆ ಸಾಲ್ದೇ ಬಂತೇನೋ ಅಂದ್ಕೊಂಡೆ. ಅಕ್ಕ, ಅಳತೆ ಹಿಡಿಯೋದು ಮುದ್ದೆ ಕಟ್ಟಿದಂಗಲ್ಲ ಕಣಕ್ಕ.”

“ನಿಮ್ಮನೇಲಿ ಮುದ್ದೆಯಾದ್ರೂ ಗುಂಡಗೆ ಬರ್ತದಾ ನೋಡ್ಕೋ ಹೋಗಣ್ಣ” ಎಂದಳು ರುದ್ರಮ್ಮ ತಲೆಯೆತ್ತದೆ.

ವೆಂಕಟಸ್ವಾಮಿ ನಕ್ಕ. “ಬಾಯಿ ಚೆನ್ನಾಗದೆ. ಇದೇ ನಿನ್ನ ಮೊದಲ ನೆಲ ಅಂತಲ್ಲ, ಅಡ್ಡೇಲಿ ಎಲ್ರಿಗೂ ಹೇಳ್ತೀನಿ ಬಿಡು, ಹಲ್ಲು ಬಿದ್ದ ಬಾಯಿ ಇದ್ದಂಗದೆ ಅಂತ” ಎಂದು ಬೀಡಿ ಹಚ್ಚಿಕೊಂಡು ಹೋದ.

ಬಾಯಲ್ಲಿ ಜವಾಬು ಕೊಟ್ಟಳು, ಮನಸ್ಸಿನಲ್ಲಿ ಮಾತು ನಾಟಿತು. ಸಂದು ಬಿಡುವುದೆಂದರೆ ಕೈ ಬರದವನ ಕೆಲಸ ಎಂದು ಇಷ್ಟು ವರ್ಷ ಕೇಳಿಕೊಂಡೇ ಬೆಳೆದವಳು ಅವಳು. ಬಿಲ್ಲೆ ಹಾಕಿ ಮುಗಿದ ಮೇಲೆ ತೆಳ್ಳಗೆ ಕಲಸಿದ ಸಿಮೆಂಟನ್ನು ನೆಲದ ಮೇಲೆಲ್ಲ ಸುರಿದು ಗುಡಿಸಿ ಸಂದುಗಳಿಗೆ ಇಳಿಸುವುದು ಆ ಕೆಲಸದ ಕೊನೆಯ ಹಂತ. ಅದನ್ನು ಕೆಲಸದವರು ಹಾಲು ಎನ್ನುತ್ತಾರೆ. ಸಂದೆಲ್ಲ ಹಾಲು ಕುಡಿದ ಮೇಲೆಯೇ ನೆಲ ಒಂದೇ ಹಾಳೆಯಾಗಿ ಕಾಣುವುದು. ಪಿಳ್ಳಪ್ಪ ಹಿತ್ತಿಲಲ್ಲಿ ಬಾಣಲಿ ತೊಳೆಯುತ್ತಿದ್ದಾಗ ಅವಳು ಹಾಲು ಸುರಿದಳು. ಅದು ಗೋಡೆಯ ಪಕ್ಕದ ಖಾಲಿ ಜಾಗಕ್ಕೆ ಹರಿದುಹೋಗುವುದನ್ನು ನೋಡಿದಳು, ತಡೆಯಲಿಲ್ಲ. ತಡೆಯದಿದ್ದದ್ದಷ್ಟೇ ಅಲ್ಲ, ಗಟ್ಟಿ ಗಾರೆ ತಂದು ಕರಣೆಯಿಂದ ಒತ್ತಿ ಒತ್ತಿ ತುಂಬಿ ಮಟ್ಟ ಮಾಡಿದಳು. ಮೇಲೆ ಗೋಡೆಯುದ್ದಕ್ಕೂ ಅಂಚಿನ ಬಿಲ್ಲೆ, ಸ್ಕರ್ಟಿಂಗ್ ಎನ್ನುತ್ತಾರಲ್ಲ, ಅದನ್ನು ಕೂರಿಸಿದಳು. ಅಡಿಯಲ್ಲಿ ಏನಿದೆಯೆಂದು ಇನ್ನು ಯಾರಿಗೂ ಕಾಣುವಂತಿರಲಿಲ್ಲ. ಸಂಜೆ ವೆಂಕಟಸ್ವಾಮಿ ಮತ್ತೆ ಇಣುಕಿದಾಗ ಅವಳು ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತಳು. ಅವನು ಗೋಡೆಯಂಚು ನೋಡಿ, ಬೀಡಿ ಹಚ್ಚಿಕೊಂಡು ಹೋದ.

ನೆಲ ಚೆನ್ನಾಗಿ ಬಲಿಯುವವರೆಗೆ, ಕಾರ್ತಿಕ ಮುಗಿಯುವವರೆಗೆ, ಹಂಡೆಗೆ ಉರಿ ಹಾಕಬಾರದೆಂದು ಚಕ್ರಪಾಣಿ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದರು. ಸ್ನಾನಕ್ಕೆ ಸ್ಟೌವಿನ ಮೇಲೆ ಪಾತ್ರೆಯಲ್ಲಿ ನೀರು. ದೀಪಾವಳಿಯವರೆಗೆ ಅದು ನಡೆಯಿತು.

ನರಕ ಚತುರ್ದಶಿಯ ಬೆಳಿಗ್ಗೆ ರುದ್ರಮ್ಮ ಗುಡಿಸಲ ಮುಂದೆ ಸಾರಿಸುತ್ತಿದ್ದಾಗ ಸೈಕಲ್ಲೊಂದು ಬಂದು ನಿಂತಿತು. ಚಕ್ರಪಾಣಿಯವರು. ಪಂಚೆ ಮೇಲಕ್ಕೆ ಕಟ್ಟಿದ್ದರು. ತಲೆಯಿಂದ ಎಣ್ಣೆ ಇಳಿದು ಕಿವಿಯ ಹಿಂದೆ ಹೊಳೆಯುತ್ತಿತ್ತು. ಎಣ್ಣೆ ಹಚ್ಚಿಕೊಂಡವರು ಸ್ನಾನ ಮಾಡದೆ ಹೊಸ್ತಿಲು ದಾಟುವುದುಂಟೇ. ಅವರು ತ್ಯಾಗರಾಜನಗರದಿಂದ ಹೊಸಕೆರೆಹಳ್ಳಿಯವರೆಗೆ ಹಾಗೇ ತುಳಿದುಕೊಂಡು ಬಂದಿದ್ದರು.

“ರುದ್ರಮ್ಮ, ನೆಲ ಎದ್ದಿದೆ” ಎಂದರು.

“ಎದ್ದಿದೆ ಅಂದ್ರೆ?”

“ಎದ್ದು ಕೂತಿದೆ. ಬಂದು ನೋಡು.”

ಪಿಳ್ಳಪ್ಪ ನಿಧಾನವಾಗಿ ಬರಲೆಂದು ಬಿಟ್ಟು ಅವಳು ಸೈಕಲ್ಲಿನ ಹಿಂದೆಯೇ ಹೆಚ್ಚುಕಡಿಮೆ ಓಡಿಕೊಂಡು ಹೋದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ, ಬಚ್ಚಲ ಕಡೆಯ ಗೋಡೆಯಿಂದ ಸ್ವಲ್ಪ ಈಚೆಗೆ, ಕೋಣೆಯ ಅಡ್ಡಕ್ಕೂ ಬಿಲ್ಲೆಗಳು ಎರಡು ಕಡೆಯಿಂದ ತಲೆಗೆ ತಲೆ ಕೊಟ್ಟು ಎದ್ದು ನಿಂತಿದ್ದವು, ಒಣಹಾಕಿದ ಹಪ್ಪಳ ಬಿಸಿಲಿಗೆ ಬಾಗಿಕೊಂಡ ಹಾಗೆ. ಕೆಲವು ಒಡೆದಿದ್ದವು.

ಸೀತಾಲಕ್ಷ್ಮಿ ಹೊಸ ಸೀರೆಯಲ್ಲಿ, ಗಂಟು ಹಾಕಿದ ಒದ್ದೆ ತಲೆಯಲ್ಲಿ, ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದರು. “ನಂದೇ ತಪ್ಪು ರುದ್ರಮ್ಮ. ನೆನ್ನೆ ನೀರು ತುಂಬೋ ಹಬ್ಬ. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬಿಸಿದೆ. ಅಷ್ಟು ಮಾಡಿದ ಮೇಲೆ ಹಬ್ಬದ ಬೆಳಿಗ್ಗೆ ಹಂಡೆ ತಣ್ಣಗಿರೋದನ್ನ ಹೇಗಮ್ಮ ನೋಡ್ಲಿ? ಇವರು ಏಳೋದಕ್ಕೆ ಮುಂಚೆ ನಾನೇ ಉರಿ ಹಾಕಿದೆ. ಒಂದು ದಿನಕ್ಕೇನಾಗುತ್ತೆ ಅಂದ್ಕೊಂಡೆ. ಅಭ್ಯಂಜನ ಅಲ್ವಾ, ಉರೀನೂ ಜಾಸ್ತೀನೇ ಹಾಕಿದೆ. ನನ್ನ ಸ್ನಾನವಾಯ್ತು. ಇವರು ಎಣ್ಣೆ ಹಚ್ಚಿಕೊಂಡು ಕೂತಿದ್ರು, ಪಟ್ ಅಂತು.”

“ನಿನ್ನ ತಪ್ಪಲ್ಲ ಕಣೇ” ಎಂದರು ಚಕ್ರಪಾಣಿ. “ಒಲೆಯ ಹತ್ತಿರ ಕಾಲುವೆ ಇನ್ನೂ ಆಳಕ್ಕೆ ತಗೋಬೇಕಿತ್ತು. ಅಲ್ಲಿ ಶಾಖ ಜಾಸ್ತಿ. ನನ್ನ ಲೆಕ್ಕಾಚಾರದ್ದೇ ತಪ್ಪು.”

ಅಷ್ಟರಲ್ಲಿ ಬಂದು ಸೇರಿದ ಪಿಳ್ಳಪ್ಪ ನೆಲ ನೋಡಿ ಹಣೆ ಹಿಡಿದುಕೊಂಡ. “ಅಲ್ಲ ಸ್ವಾಮಿ, ಕಡಪ ಕಲ್ಲು ಅಲ್ಲಾಡ್ದಂಗೆ ನಾನು ಕೂರಿಸ್ಬೇಕಿತ್ತು. ಮಂಡಿ ನೋವು ಅಂತ ಮೇಲಿಂದ ಮೇಲೆ ನೋಡಿದೆ. ತಪ್ಪು ನಂದು.”

ಮೂವರೂ ಹೀಗೆ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಿರುವಾಗ ರುದ್ರಮ್ಮ ಸುಮ್ಮನೆ ನಿಂತಿದ್ದಳು. ಅಲ್ಲಿ ಅವಳ ಮೇಲೆ ಬೆರಳು ತೋರಿಸಿದವರು ಯಾರೂ ಇರಲಿಲ್ಲ. ಸುಮ್ಮನಿದ್ದರೆ ಮಾತು ಹಾಗೇ ಮುಗಿದುಹೋಗುತ್ತಿತ್ತು. ಆದರೆ ಏಕೆ ಎದ್ದಿತೆಂಬುದನ್ನು ಕಣ್ಣಾರೆ ನೋಡದೆ ಅವಳಿಂದ ಆಗಲಿಲ್ಲ. ಪಿಳ್ಳಪ್ಪ ತಂದಿದ್ದ ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡು ಅಡುಗೆಮನೆಯೊಳಗೆ ಹೋಗಿ ಗೋಡೆಯಂಚಿನ ಸ್ಕರ್ಟಿಂಗ್ ಬಿಲ್ಲೆಯೊಂದನ್ನು ಕಿತ್ತಳು. ಅಡಿಯಲ್ಲಿ ಅವಳೇ ತುಂಬಿದ ಗಾರೆ ಕಬ್ಬಿಣದಂತೆ ಗಟ್ಟಿಯಾಗಿತ್ತು. ಅಂಚಿನ ಬಿಲ್ಲೆಯ ಕೊನೆ ಅದಕ್ಕೆ ಒತ್ತಿ ಒತ್ತಿ ಪುಡಿಯಾಗಿತ್ತು. ಕೈಯಿಟ್ಟರೆ ನೆಲ ಇನ್ನೂ ಬೆಚ್ಚಗಿತ್ತು. ಎರಡು ಗೋಡೆಯ ನಡುವೆ ಸಿಕ್ಕಿಕೊಂಡ ನೆಲ ಹೋಗಲು ಜಾಗ ಕಾಣದೆ ಮೇಲಕ್ಕೆ ಹೋಗಿದೆ ಎಂಬುದು ಅವಳಿಗೆ ಆ ಪುಡಿಯಲ್ಲಿ ಕಂಡಿತು. ಹಿಗ್ಗುವುದು ಎಂದರೆ ಏನೆಂದು ಅವಳು ತಿಳಿದದ್ದು ಆಗಲೇ.

“ಸ್ವಾಮಿ, ಇಲ್ಲಿ ಬಂದು ನೋಡಿ” ಎಂದಳು. “ನೀವು ಬಿಡು ಅಂದ ಜಾಗ ಬಿಟ್ಟಿದ್ದೆ. ಆಮೇಲೆ ನಾನೇ ಮುಚ್ಚಿದೆ. ನೋಡಿದೋರು ನಗ್ತಾರೆ ಅಂತ.”

ಚಕ್ರಪಾಣಿ ಬಗ್ಗಿ, ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಯಾಕೆ ಬಿಡ್ಬೇಕು ಅಂತ ನಾನು ನಿನಗೆ ತೋರಿಸಿ ಹೇಳ್ಬೇಕಿತ್ತು. ಕಾರ್ಖಾನೇಲೂ ನಂದು ಇದೇ ಕಥೆ. ಹೇಳೋದು, ಹೋಗೋದು” ಎಂದಷ್ಟೇ ಹೇಳಿ, ಆರುತ್ತಿದ್ದ ಹಂಡೆಯ ನೀರಲ್ಲೇ ಸ್ನಾನ ಮಾಡಲು ಎದ್ದುಹೋದರು.

ಸುದ್ದಿ ಅಡ್ಡೆಗೆ ಹಬ್ಬದ ಮರುದಿನವೇ ಮುಟ್ಟಿತು. “ಹೆಂಗಸಿನ ಕೈಗೆ ಕರಣೆ ಕೊಟ್ರೆ ನೆಲವೇ ಗಾಬರಿಯಾಗಿ ಎದ್ದು ಓಡ್ತದೆ” ಎಂದು ವೆಂಕಟಸ್ವಾಮಿ ಹೇಳಿದ್ದನ್ನು ನಾಲ್ಕು ಜನ ನಾಲ್ಕು ಥರ ಮಾಡಿ ಹೇಳಿದರು. ರುದ್ರಮ್ಮ ಕೇಳಿಸಿಕೊಂಡು ಬಾಣಲಿ ಹಿಡಿದು ನಿಂತಳು. ಬೇರೆ ಮೇಸ್ತ್ರಿಯ ಕೈಕೆಳಗೆ ಗಾರೆ ಹೊರುವ ಕೆಲಸ ಆಗಲೂ ಸಿಗುತ್ತಿತ್ತು. ಅದೊಂದೇ ಸಿಗುತ್ತಿತ್ತು.

ಕಾರ್ತಿಕದ ಕೊನೆಗೆ ತ್ಯಾಗರಾಜನಗರಕ್ಕೆ ಹೋಗಿ, ಬೆಳಿಗ್ಗೆಯ ಹೊತ್ತಿನಲ್ಲಿ ಆ ಮನೆಯ ಗೇಟಿನ ಬಳಿ ನಿಂತಳು. “ಸ್ವಾಮಿ, ಅದನ್ನ ನಾನೇ ಎತ್ತಿ ಮತ್ತೆ ಹಾಕ್ತೀನಿ. ಒಡೀದೇ ಇರೋ ಬಿಲ್ಲೆ ಕೆರೆದು ತೊಳೆದು ಕೊಡ್ತೀನಿ, ಅವೇ ಆಗ್ತವೆ.”

ಚಕ್ರಪಾಣಿ ತಕ್ಷಣ ಹೂಂ ಎನ್ನಲಿಲ್ಲ. ನೆರೆಯವರು ಆಗಲೇ ವೆಂಕಟಸ್ವಾಮಿಯ ಹೆಸರು ಹೇಳಿದ್ದರು. ಅವನ ಕೈಯಲ್ಲಿ ಹಾಕಿಸಿ, ಇಲ್ಲವೇ ಈ ಹುಚ್ಚು ಬಿಟ್ಟು ಮಾಮೂಲಿ ನೆಲ ಮಾಡಿಸಿ ಎಂದಿದ್ದರು. ಅವರು ಹೆಂಡತಿಯ ಮುಖ ನೋಡಿದರು.

“ವೆಂಕಟಸ್ವಾಮಿಗೆ ಇಲ್ಲೇನಾಯ್ತು ಅಂತ ಗೊತ್ತಿಲ್ಲ” ಎಂದರು ಸೀತಾಲಕ್ಷ್ಮಿ. “ಇವಳಿಗೆ ಗೊತ್ತು. ನನಗೂ ಗೊತ್ತು. ನಾನು ಉರಿ ಹಾಕಲ್ಲ, ಅವಳು ಸಂದು ಮುಚ್ಚಲ್ಲ. ಇನ್ನೇನು?”

ಈ ಸಲದ ಕೆಲಸ ಮೊದಲಿನ ಹಾಗಿರಲಿಲ್ಲ. ಚಕ್ರಪಾಣಿ ಹೇಳಿ ಹೋಗಲಿಲ್ಲ. ಮಣೆ ಹಾಕಿಕೊಂಡು ಅಲ್ಲಿಯೇ ಕೂತರು. ರುದ್ರಮ್ಮನೂ ಹೂಂಗುಟ್ಟಿ ಸುಮ್ಮನಾಗಲಿಲ್ಲ. ಒಲೆಯ ಹತ್ತಿರ ಎಷ್ಟು ಬಿಸಿ, ಆಚೆ ಗೋಡೆಯ ಹತ್ತಿರ ಎಷ್ಟು, ಗೋಡೆಯ ಸುತ್ತ ಮಾತ್ರ ಜಾಗ ಬಿಟ್ಟರೆ ಸಾಕೇ, ನಡುವೆಯೂ ಬೇಕೇ ಎಂದು ಒಂದೊಂದನ್ನೂ ಕೇಳಿದಳು. ಒಲೆಯ ಕಡೆಯ ಭಾಗ ಬೇರೆ, ಉಳಿದ ಭಾಗ ಬೇರೆಯಾಗಿ ನಡುವೆ ಅಡ್ಡಕ್ಕೆ ಒಂದು ಸಂದು ಬಿಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಒಲೆಯ ಬಾಯಿಯ ಹತ್ತಿರ ಕಾಲುವೆ ಇನ್ನಷ್ಟು ಆಳಕ್ಕೆ ಇಳಿಯಿತು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಪಿಳ್ಳಪ್ಪ, “ಬಿಲ್ಲೆ ಅಡಿಗೆ ಬರೀ ಸಿಮೆಂಟು ಬೇಡ. ಸುಣ್ಣದ ಗಾರೆ ಬೆರೆಸು. ಹಳೇ ತಾರಸಿ ನೋಡಿಲ್ವಾ, ಅಷ್ಟು ಬಿಸಿಲು ಕಾದ್ರೂ ಒದ್ದಾಡಲ್ಲ” ಎಂದ. ಅದೂ ಆಯಿತು.

ಹಾಲು ಸುರಿಯುವ ದಿನ ಬಂದಾಗ ತೊಡಕು ಎದುರಾಯಿತು. ಹಾಲು ಸುರಿಯದಿದ್ದರೆ ಬಿಲ್ಲೆಗಳ ಸಂದು ತುಂಬುವುದಿಲ್ಲ, ನೀರು ಇಳಿಯುತ್ತದೆ. ಸುರಿದರೆ ಖಾಲಿ ಬಿಟ್ಟ ಜಾಗಕ್ಕೂ ಹರಿದು ಗಟ್ಟಿಯಾಗುತ್ತದೆ. ಚಕ್ರಪಾಣಿ ಮರಳು ತುಂಬಿಸೋಣವೇ ಎಂದರು. ಪಿಳ್ಳಪ್ಪ ಗೋಣಿ ತುರುಕೋಣ ಎಂದ. ರುದ್ರಮ್ಮ ಹಿತ್ತಿಲಿಗೆ ಹೋಗಿ ಅಲ್ಲಿ ಬಿದ್ದಿದ್ದ ಸರ್ವೆ ಮರದ ತೆಳು ಪಟ್ಟಿಗಳನ್ನು ಆರಿಸಿ ತಂದಳು. ಸೀತಾಲಕ್ಷ್ಮಿಯವರಿಂದ ಹರಳೆಣ್ಣೆ ಕೇಳಿ ಪಡೆದು ಹಳೆಯ ಪೇಪರಿಗೆ ಸವರಿ, ಪಟ್ಟಿಗಳಿಗೆ ಸುತ್ತಿ, ಗೋಡೆಯ ಸುತ್ತಲೂ ನಡುವಿನ ಸಂದಿನಲ್ಲೂ ನಿಲ್ಲಿಸಿದಳು. ಆಮೇಲೆ ಹಾಲು ಸುರಿದಳು. ಮಾರನೆಯ ಬೆಳಿಗ್ಗೆ ಬಂದು ಪಟ್ಟಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ಎಳೆದಳು. ಎಣ್ಣೆಪೇಪರು ಸಿಮೆಂಟಿಗೆ ಹಿಡಿದಿರಲಿಲ್ಲ. ಪಟ್ಟಿ ಬಂದ ಕಡೆ ಜಾಗ ಹಾಗೆಯೇ ಉಳಿದಿತ್ತು.

“ಇದು ಎಲ್ಲಿ ಕಲ್ತೆ?” ಎಂದರು ಚಕ್ರಪಾಣಿ.

“ಎಲ್ಲೂ ಇಲ್ಲ ಸ್ವಾಮಿ. ಕಜ್ಜಾಯ ತಟ್ಟುವಾಗ ಎಲೆಗೆ ಎಣ್ಣೆ ಸವರಲ್ವಾ.”

ನಡುವಿನ ಸಂದಿಗೆ ಹತ್ತಿಯ ಹುರಿ ತುಂಬಿದಳು. ಗೋಡೆಯ ಸುತ್ತಲಿನದನ್ನು ಖಾಲಿ ಬಿಟ್ಟು, ಮೇಲೆ ಸ್ಕರ್ಟಿಂಗ್ ಕೂರಿಸಿದಳು. ಅದನ್ನೂ ನೆಲಕ್ಕೆ ಅಂಟಿಸದೆ, ಅಡಿಯಲ್ಲಿ ರಟ್ಟಿನ ಚೂರಿಟ್ಟು ಗೋಡೆಗೆ ಹಿಡಿಸಿ, ಒಣಗಿದ ಮೇಲೆ ರಟ್ಟು ಎಳೆದಳು. ಒಡೆದು ಹೋದ ಬಿಲ್ಲೆಗಳ ಬದಲಿಗೆ ತಂದವು ಬಣ್ಣದಲ್ಲಿ ಒಂದಿಷ್ಟು ಬೇರೆಯಾಗಿ ಕಂಡವು. ಅವುಗಳನ್ನು ಒಂದೇ ಕಡೆ ಹಾಕದೆ ಅಲ್ಲಲ್ಲಿ ಹಂಚಿ, ಮೊದಲಿಂದ ಹಾಗೇ ಹಾಕಲು ಹೊರಟಿದ್ದೇನೋ ಎನ್ನುವಂತೆ ಮಾಡಿದಳು. ಈ ನಡುವೆ ವೆಂಕಟಸ್ವಾಮಿ ಎರಡು ಸಲ ಬಂದು ಇಣುಕಿ ಏನಾದರೊಂದು ಹೇಳಿಯೇ ಹೋದ. ಅವಳು “ಬೆಂಕಿಪೊಟ್ಟಣ ಅಲ್ಲಿದೆ ತಗೋ ಅಣ್ಣ” ಎನ್ನುತ್ತಿದ್ದಳು.

ಧನುರ್ಮಾಸ ಬಂತು. ಬೆಳಗಿನ ಚಳಿಗೆ ಸೀತಾಲಕ್ಷ್ಮಿ ಜಗುಲಿಯಲ್ಲಿ ಒಂದು ಕಾಲಿನ ಮೇಲೆ ಇನ್ನೊಂದಿಟ್ಟುಕೊಂಡು ಅಡುಗೆ ಮಾಡುತ್ತಿದ್ದರು. ಹುಗ್ಗಿಯ ಪಾತ್ರೆ ಇಳಿಸಲು ಹೋಗಿ ತೂರಾಡಿದ್ದನ್ನು ರುದ್ರಮ್ಮ ನೋಡಿದಳು. ಆದರೂ ಅವರಾಗಿಯೇ ಉರಿ ಹಾಕಿ ಎಂದು ಒಂದು ದಿನವೂ ಕೇಳಲಿಲ್ಲ. ನೆಲ ಬಲಿತಿದೆ ಎಂದು ರುದ್ರಮ್ಮ ಹೇಳಿದ ಮೇಲೆಯೇ ಚಕ್ರಪಾಣಿ ಒಲೆಗೆ ಕೈಹಾಕಿದರು. ಮೊದಲ ದಿನ ನಾಲ್ಕು ತೆಂಗಿನ ಗರಿ. ಮರುದಿನ ಸ್ವಲ್ಪ ಹೆಚ್ಚು. “ಬಾಣಂತಿಗೆ ಊಟಕ್ಕಿಟ್ಟಂಗೆ ಸ್ವಲ್ಪ ಸ್ವಲ್ಪ ಕೊಡಿ ಸ್ವಾಮಿ” ಎಂದು ರುದ್ರಮ್ಮ ಒಲೆಯ ಮುಂದೆಯೇ ಕೂತಿದ್ದಳು. ಪೂರಾ ಉರಿ ಹಾಕುವ ದಿನ ಪಿಳ್ಳಪ್ಪನೂ ಬಂದ.

ಸೌದೆ ಹತ್ತಿಕೊಂಡು ಉರಿ ಭೋರೆಂದಿತು. ನಾಲ್ವರೂ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಮ್ಮೆಲೇ ಟಣ್ ಎಂದು ಸದ್ದಾಯಿತು. ಸೀತಾಲಕ್ಷ್ಮಿ ಗಂಡನ ತೋಳು ಹಿಡಿದುಕೊಂಡರು.

ಪಿಳ್ಳಪ್ಪ ಬಚ್ಚಲಿಗೆ ಕತ್ತು ಚಾಚಿ ನೋಡಿದ. “ಹಂಡೆ ಮುಚ್ಚಳ. ನೀರು ಕಾಯ್ತಾ ಅದೆ.”

ನೀರು ಕುದಿದು, ಉರಿ ಇಳಿದು, ಕೆಂಡವಾಯಿತು. ನೆಲ ಇದ್ದಲ್ಲೇ ಇತ್ತು.

ಆ ಹೊತ್ತಿಗೆ ದೇವರ ಮಂಟಪ ಮೂಲೆಗೆ ಮರಳಿತ್ತು, ಬೆಳಿಗ್ಗೆ ಪುಣ್ಯಾಹ ಮಾಡಿ ನೀರು ಚಿಮುಕಿಸಿ ಆಗಿತ್ತು. ಅಂದರೆ ಅದು ಕೆಲಸದ ಜಾಗ ಹೋಗಿ ಮತ್ತೆ ಅವರ ಅಡುಗೆಮನೆಯಾಗಿತ್ತು. ಹೀಗಾದ ಮೇಲೆ ಕೆಲಸದವರು ಹೊಸ್ತಿಲಿನ ಈಚೆಗೇ ನಿಲ್ಲುವುದು ವಾಡಿಕೆ. ರುದ್ರಮ್ಮನೂ ಈಚೆಗೇ ನಿಂತಿದ್ದಳು. ಸೀತಾಲಕ್ಷ್ಮಿ ಬರಿಗಾಲಲ್ಲಿ ಒಳಗೆ ಹೋಗಿ, ಒಂದೊಂದೇ ಹೆಜ್ಜೆಯಿಟ್ಟು ನಡುವೆ ನಿಂತು, ಕಣ್ಣು ಮುಚ್ಚಿಕೊಂಡರು. ಆಮೇಲೆ ತಿರುಗಿ, “ಅಲ್ಯಾಕೆ ನಿಂತೆ? ಬಾ, ಕಾಲಿಟ್ಟು ನೋಡು” ಎಂದರು.

“ಇರ್ಲಿ ಅಮ್ಮಾವ್ರೆ, ಇಲ್ಲಿಂದ್ಲೇ ಕಾಣ್ತದೆ.”

“ಬಿಸಿ ಕಣ್ಣಿಗೆ ಕಾಣುತ್ತೇನೇ? ಬಾ ಅಂದ್ರೆ ಬಾ.”

ಅವಳು ಹೊಸ್ತಿಲು ದಾಟಿದಳು. ಬೆಚ್ಚಗೆ ಪಾದಕ್ಕೆ ತಗುಲಿತು, ಮಧ್ಯಾಹ್ನದ ಬಿಸಿಲು ಬಿದ್ದ ಜಗುಲಿಯ ಹಾಗೆ. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ. ಒಲೆಯ ಕಡೆಯ ಗೋಡೆಗೆ ಹೋಗಿ ಕೂತು, ಸ್ಕರ್ಟಿಂಗಿನಡಿಗೆ ಪೊರಕೆಯ ಕಡ್ಡಿ ತೂರಿಸಿದಳು. ಮೊನ್ನೆ ಸಲೀಸಾಗಿ ಆಡುತ್ತಿದ್ದ ಕಡ್ಡಿ ಈಗ ಬಿಗಿಯಾಗಿತ್ತು. ನೆಲ ಬಂದು ಜಾಗ ಹಿಡಿದಿತ್ತು, ಗೋಡೆಯನ್ನು ಮಾತ್ರ ಮುಟ್ಟಿರಲಿಲ್ಲ. ಅವಳು ಕಡ್ಡಿಯನ್ನು ಗಂಡನಿಗೆ ತೋರಿಸಿದಳು. ಪಿಳ್ಳಪ್ಪ ಹೊಸ್ತಿಲ ಆಚೆಯಿಂದಲೇ ತಲೆಯಾಡಿಸಿದ.

ಆ ಚಳಿಗಾಲ ಸೀತಾಲಕ್ಷ್ಮಿ ಗೋಡೆ ಹಿಡಿಯದೆ ಅಡುಗೆ ಮಾಡಿದರು. ನೋಡಲು ಬಂದ ನೆಂಟರಿಷ್ಟರು ನೆಲದ ಮೇಲೆ ಅಂಗೈ ಊರಿ ಸೋಜಿಗಪಟ್ಟರು. ಆದರೆ ಬೆಚ್ಚನೆಯ ನೆಲ ಬೇಕೆಂದು ಇನ್ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಅದೇನು ಎಲ್ಲರಿಗೂ ಬೇಕಾಗುವ ವಸ್ತುವಲ್ಲ. ರುದ್ರಮ್ಮ ಅಡ್ಡೆಯಲ್ಲಿ ಬಾಣಲಿ ಹಿಡಿದೇ ನಿಲ್ಲುತ್ತಿದ್ದಳು. ಚೀಲದಲ್ಲಿ ಕರಣೆಯೂ ಇತ್ತು. ಹೊರಗೆ ತೆಗೆಯುವ ಸಂದರ್ಭ ಮಾತ್ರ ಬರಲಿಲ್ಲ.

ಬೇಸಿಗೆ ಶುರುವಾಗಿ ಬಿಸಿಲು ಏರಿದ ಮೇಲೆ ಒಂದು ಸಂಜೆ ವೆಂಕಟಸ್ವಾಮಿ ಹೊಸಕೆರೆಹಳ್ಳಿಗೆ ಬಂದ. ಪಿಳ್ಳಪ್ಪ ಹೊರಗೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ವೆಂಕಟಸ್ವಾಮಿ ಪಕ್ಕದಲ್ಲಿ ಕೂತು, ಮಳೆ, ಸಿಮೆಂಟಿನ ಪರ್ಮಿಟ್ಟು, ಯಾರದೋ ಮದುವೆ ಎಲ್ಲ ಮಾತಾಡಿದ. ಕೊನೆಗೆ ವಿಷಯಕ್ಕೆ ಬಂದ. ಜೆ.ಪಿ. ನಗರದಲ್ಲಿ ಒಬ್ಬರು ತೆರೆದ ತಾರಸಿಗೆ ಬಿಲ್ಲೆ ಹಾಕಿಸಿದ್ದರು. ಹಾಕಿದವನು ಅವನೇ. ಕೂದಲು ತೂರದ ಹಾಗೆ ಸೇರಿಸಿದ್ದ. ಈ ವಾರದ ಬಿಸಿಲಿಗೆ ನಡುಮಧ್ಯೆ ಎದ್ದಿತ್ತು.

“ಅದೇನೋ ಪಟ್ಟಿ ಇಟ್ಟು ಹಾಲು ಹುಯ್ದ್ರಂತಲ್ಲ ಪಿಳ್ಳಪ್ಪ. ಹೆಂಗದು? ಹೇಳ್ಕೊಟ್ರೆ ನಾನೇ ಮಾಡ್ಕೋತೀನಿ.”

“ನನ್ನೇನ್ ಕೇಳ್ತೀಯ ಗುರು” ಎಂದ ಪಿಳ್ಳಪ್ಪ ಎಣ್ಣೆ ಕೈ ಒರೆಸಿಕೊಳ್ಳುತ್ತ. “ಮೇಸ್ತ್ರಿ ಒಳಗವಳೆ. ಕೂಗ್ಲಾ?”

ವೆಂಕಟಸ್ವಾಮಿ ಕೆಮ್ಮಿದ. ಅಷ್ಟರಲ್ಲಿ ರುದ್ರಮ್ಮನೇ ಬಾಗಿಲಿಗೆ ಬಂದಿದ್ದಳು. ಮುದ್ದೆ ಕೋಲು ಕೈಯಲ್ಲೇ ಇತ್ತು. ತಾರಸಿ ಯಾವ ದಿಕ್ಕಿಗಿದೆ, ಮರದ ನೆರಳು ಬೀಳುತ್ತದೆಯೇ, ಬಿಸಿಲು ಎಲ್ಲಿ ಮೊದಲು ಬಂದು ಎಲ್ಲಿ ಕೊನೆಗೆ ಹೋಗುತ್ತದೆ ಎಂದು ಕೇಳಿದಳು. ಅವನು ಕೆಲವಕ್ಕೆ ಉತ್ತರ ಹೇಳಿದ, ಕೆಲವು ಗೊತ್ತಿಲ್ಲ ಎಂದ.

“ಹೇಳ್ಕೊಟ್ರೆ ಬರೋ ಕೆಲಸ ಅಲ್ಲ ಅಣ್ಣ. ಅಲ್ಲಿಗೇ ಬಂದು ನಾನೇ ಹಾಕ್ತೀನಿ” ಎಂದಳು. “ನಾಳೆ ಬೆಳಿಗ್ಗೆ ಬಿಸಿಲು ಏರೋ ಮುಂಚೆ ಬರ್ತೀನಿ. ಗಾರೆ ಕಲ್ಸೋಕೆ ಆಳು ನೀನೇ ನೋಡಿಟ್ಟಿರು.”